ಅಡವಿಟ್ಟ ಚಿನ್ನ ಊರಿಗೆ ಬಂತೇ?

ಪ್ರಶ್ನೆ: 1991ರಲ್ಲಿ ಸರಕಾರ ದೇಶದ ಚಿನ್ನವನ್ನೆಲ್ಲ ವಿಮಾನದಲ್ಲಿ ಲಂಡನ್ನಿಗೆ ಕಳಿಸಿ ಮಾರಿಬಿಟ್ಟಿತೆಂದು ನನ್ನ ತಂದೆಯವರು ಹೇಳುತ್ತಿದ್ದರು. ಈಗ ಅದೇ ಚಿನ್ನ ಮರಳಿ ಬಂತೆಂದು ವಾಟ್ಸಾಪಿನಲ್ಲಿ ಸಂದೇಶಗಳು ಓಡಾಡುತ್ತಿವೆ. ಯಾವುದು ನಿಜ?
– ಓದುಗರೊಬ್ಬರು, ಪೆರ್ಲ

ಉತ್ತರ: ವಿಮಾನದಲ್ಲಿ ಚಿನ್ನ ಹೋದದ್ದು ನಿಜ. ಆದರೆ ಎಲ್ಲ ಚಿನ್ನವೂ ಹೋಗಲಿಲ್ಲ, ರಿಸರ್ವ್ ಬ್ಯಾಂಕು ತನ್ನ ಚಿನ್ನವನ್ನು ಮಾರಲೂ ಇಲ್ಲ. ನಮ್ಮ ಜಿಲ್ಲೆಗೂ ಆ ಕಾಲಕ್ಕೂ ಹತ್ತಿರದ ನಂಟಿರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಕಚ್ಚಾ ತೈಲದ ಬೆಲೆ ಏರಿತು. ಅಲ್ಲಿ ದುಡಿಯುತ್ತಿದ್ದ ಲಕ್ಷಕ್ಕೂ ಹೆಚ್ಚು ಭಾರತೀಯರು ಅಮ್ಮಾನ್ ದಾರಿಯಾಗಿ ಊರು ಸೇರಬೇಕಾಯಿತು. ಕಾಸರಗೋಡಿನಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫಿನ ಸಂಬಳದಿಂದ. ಆ ಸಂಬಳವೇ ದೇಶಕ್ಕೆ ಡಾಲರ್ ತರುವ ದಾರಿಯೂ ಆಗಿತ್ತು. ಅದು ಸೊರಗಿತು. ಅನಿವಾಸಿಗಳು ಇಲ್ಲಿನ ಬ್ಯಾಂಕುಗಳಲ್ಲಿಟ್ಟಿದ್ದ ಠೇವಣಿಯನ್ನೂ ಹಿಂದೆಗೆಯತೊಡಗಿದರು. 1991ರ ಬೇಸಗೆಯ ಹೊತ್ತಿಗೆ ನಮ್ಮಲ್ಲಿದ್ದ ವಿದೇಶಿ ಹಣ ಎರಡು ಮೂರು ವಾರಗಳ ಆಮದಿಗಷ್ಟೇ ಸಾಲುವಂತಿತ್ತು. ಅಂಥ ಸ್ಥಿತಿಯಲ್ಲಿ ಹೊಸ ಸಾಲ ಕೊಡುವವರು ಯಾರು?

ಚಂದ್ರಶೇಖರ್ ಪ್ರಧಾನಿಯಾಗಿದ್ದ ಮೇ ತಿಂಗಳಲ್ಲಿ ಮೊದಲ ಹೆಜ್ಜೆ ಇಟ್ಟರು. ಕಳ್ಳಸಾಗಣೆದಾರರಿಂದ ಮುಟ್ಟುಗೋಲು ಹಾಕಿಕೊಂಡ ಚಿನ್ನದಲ್ಲಿ 20 ಟನ್ನನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ ಮಾರಿದರು. ಬೇಕಾದರೆ ಮರಳಿ ಕೊಳ್ಳುವ ಹಕ್ಕನ್ನು ಉಳಿಸಿಕೊಂಡ ಮಾರಾಟ ಅದು. ಸಿಕ್ಕಿದ್ದು ಸುಮಾರು 20 ಕೋಟಿ ಡಾಲರ್. ಜುಲೈಯಲ್ಲಿ, ನರಸಿಂಹ ರಾವ್ ಸರಕಾರ ಬಂದ ಮೇಲೆ, ರಿಸರ್ವ್ ಬ್ಯಾಂಕು ತನ್ನದೇ 46.91 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಕಳಿಸಿ, ಅಲ್ಲಿಂದ ಮತ್ತು ಬ್ಯಾಂಕ್ ಆಫ್ ಜಪಾನಿನಿಂದ 40 ಕೋಟಿ ಡಾಲರಿನಷ್ಟು ಸಾಲ ಎತ್ತಿತು. ಅಡಿಕೆ ದುಡ್ಡು ಕೈಸೇರುವ ಮುಂಚೆ ಮಗಳ ಕಾಲೇಜು ಫೀಸಿಗೆಂದು ನಾವು ಸೊಸೈಟಿಯಲ್ಲಿ ಬಳೆ ಅಡವಿಡುತ್ತೇವಲ್ಲ, ಇದೂ ಅದೇ ಬಗೆಯದು. ಬಳೆ ಸೊಸೈಟಿಯ ತಿಜೋರಿಯಲ್ಲಿದ್ದರೂ ನಮ್ಮದೇ.

ಆಗ ದೇಶದ ಬಳಿ 300 ಟನ್ನಿಗೂ ಹೆಚ್ಚು ಚಿನ್ನವಿತ್ತು. ಅಡವು ಹೋದದ್ದು ಅದರಲ್ಲಿ ಸುಮಾರು ಏಳನೇ ಒಂದು ಪಾಲು. ಜನರಿಗೆ ಅವಮಾನವೆನಿಸಿದ್ದು ಸಹಜ. ನನ್ನ ಮಟ್ಟಿಗೆ ಅದು ಅವಮಾನವಲ್ಲ. ಸಾಲದ ಕಂತು ತಪ್ಪದಂತೆ ದೇಶವನ್ನು ಉಳಿಸಿದ ಕಠಿಣ ನಿರ್ಧಾರ. ಚಿನ್ನ ಇಟ್ಟುಕೊಳ್ಳುವುದೇ ಅಂಥ ದಿನಕ್ಕಾಗಿ. ಸಾಲ ಬೇಗನೆ ತೀರಿತು. ಆದರೆ ಚಿನ್ನವನ್ನು ಅಲ್ಲೇ ಠೇವಣಿಯಾಗಿ ಉಳಿಸಿಕೊಂಡರು. ‘ಮಾರಿಬಿಟ್ಟರು’ ಎಂಬ ಮಾತು ಇಷ್ಟು ಗಟ್ಟಿಯಾಗಿ ನಿಲ್ಲಲು ಇದೂ ಒಂದು ಕಾರಣವಿರಬೇಕು.

ಮುಂದೆ ಬಹಳ ವರ್ಷ ನಮ್ಮ ಸಂಗ್ರಹ 357.75 ಟನ್ನಿನಲ್ಲೇ ನಿಂತಿತ್ತು. 2009ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ತನ್ನ ಚಿನ್ನ ಮಾರಲು ಹೊರಟಾಗ ಭಾರತ 670 ಕೋಟಿ ಡಾಲರ್ ಕೊಟ್ಟು ಒಮ್ಮೆಗೇ 200 ಟನ್ ಕೊಂಡಿತು. ಈ ಸುದ್ದಿ ಓದಿದ ದಿನ ನನಗಾದ ಸಂತೋಷ ಈಗಲೂ ನೆನಪಿದೆ. 2018ರ ಸುಮಾರಿಗೆ ರಿಸರ್ವ್ ಬ್ಯಾಂಕು ಮತ್ತೆ ಸ್ವಲ್ಪ ಸ್ವಲ್ಪವೇ ಕೊಳ್ಳತೊಡಗಿತು. 2025ರ ಮಾರ್ಚಿಗೆ ಸಂಗ್ರಹ 879 ಟನ್ ದಾಟಿತ್ತು.

ಇನ್ನು ವಾಟ್ಸಾಪ್ ಮಾತು. 2023ರ ಮಾರ್ಚಿನಲ್ಲಿ ದೇಶದೊಳಗಿದ್ದ ಚಿನ್ನ ಸುಮಾರು 301 ಟನ್. 2025ರ ಸೆಪ್ಟೆಂಬರಿಗೆ ಅದು ಸುಮಾರು 576 ಟನ್. ಚಿನ್ನ ಬಂದಿದೆ, ಆದರೆ 1991ರಲ್ಲಿ ಅಡವಿಟ್ಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆಮೇಲೆ ಕೊಂಡು ಹೊರಗೇ ಇಟ್ಟಿದ್ದ ಚಿನ್ನವೇ ಇದರಲ್ಲಿ ಬಹುಪಾಲು ಎಂಬುದು ಲೆಕ್ಕದಿಂದಲೇ ತಿಳಿಯುತ್ತದೆ. 2022ರಲ್ಲಿ ಪಾಶ್ಚಾತ್ಯ ದೇಶಗಳು ರಷ್ಯಾದ ವಿದೇಶಿ ಹಣವನ್ನು ತಡೆಹಿಡಿದ ಮೇಲೆ ಹಲವು ಕೇಂದ್ರ ಬ್ಯಾಂಕುಗಳಿಗೆ ಚಿನ್ನ ತಮ್ಮ ನೆಲದಲ್ಲೇ ಇರಲಿ ಅನ್ನಿಸಿದೆ. ಹಾಗೆಂದು ಪೂರ್ತಿ ತಂದುಬಿಡುವುದೂ ಜಾಣತನವಲ್ಲ. ಚಿನ್ನದ ದೊಡ್ಡ ವ್ಯಾಪಾರ ನಡೆಯುವುದು ಲಂಡನ್ನಿನಲ್ಲಿ. ತುರ್ತಿಗೆ ಡಾಲರ್ ಬೇಕಾದರೆ ಅಲ್ಲಿರುವ ಚಿನ್ನವೇ ಬೇಗ ಒದಗುತ್ತದೆ.

ಪ್ರಶ್ನೆ: ಚಿನ್ನ ಇದ್ದಷ್ಟೇ ನೋಟು ಮುದ್ರಿಸಬೇಕೆಂಬ ನಿಯಮ ಇದೆಯೇ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಇಲ್ಲ. 1935ರಲ್ಲಿ ರಿಸರ್ವ್ ಬ್ಯಾಂಕು ಶುರುವಾದಾಗ ನೋಟುಗಳ ಮೌಲ್ಯದಲ್ಲಿ ನೂರಕ್ಕೆ 40 ಪಾಲಿಗೆ ಚಿನ್ನ ಮತ್ತು ಸ್ಟರ್ಲಿಂಗ್ (ಬ್ರಿಟನ್ನಿನ ಪೌಂಡ್ ಹಣ) ಆಧಾರವಿರಬೇಕಿತ್ತು. ಪಂಚವಾರ್ಷಿಕ ಯೋಜನೆಗಳ ಖರ್ಚಿಗೆ ಅದು ಹೊಂದದೆ 1956ರಲ್ಲಿ ಆ ನಿಯಮ ಬಿಟ್ಟರು. 1957ರಿಂದ ಕನಿಷ್ಠ 200 ಕೋಟಿ ರೂಪಾಯಿಯ ಮೀಸಲು ಇದ್ದರೆ ಸಾಕು, ಅದರಲ್ಲಿ 115 ಕೋಟಿಯಾದರೂ ಚಿನ್ನವಾಗಿರಬೇಕು. ಇಂದಿನ ಲೆಕ್ಕದಲ್ಲಿ ಅದು ಏನೇನೂ ಅಲ್ಲ.

ಇನ್ನೊಂದು ಸಂಗತಿ ನಿಮಗೆ ಹಿಡಿಸಬಹುದು. 1990ರ ಅಕ್ಟೋಬರಿನ ನಡುವಿನವರೆಗೂ ರಿಸರ್ವ್ ಬ್ಯಾಂಕು ತನ್ನ ಪುಸ್ತಕದಲ್ಲಿ ಚಿನ್ನಕ್ಕೆ ಕಟ್ಟುತ್ತಿದ್ದ ಬೆಲೆ 10 ಗ್ರಾಮಿಗೆ 84 ರೂಪಾಯಿ 39 ಪೈಸೆ. ಪೇಟೆಯಲ್ಲಿ ಆಗಲೇ ಅದು ಸಾವಿರಗಳಲ್ಲಿತ್ತು. ಆಮೇಲೆ ಅಂತರರಾಷ್ಟ್ರೀಯ ದರಕ್ಕೆ ಹತ್ತಿರವಾಗಿ ಬೆಲೆ ಕಟ್ಟತೊಡಗಿದರು. ಹಳೆಯ ಅಂಕಿಅಂಶಗಳಲ್ಲಿ ಆ ವರ್ಷ ಚಿನ್ನದ ಮೌಲ್ಯ ಥಟ್ಟನೆ ಜಿಗಿದಂತೆ ಕಾಣುವುದು ಇದೇ ಕಾರಣಕ್ಕೆ.

ಪ್ರಶ್ನೆ: ವಿದೇಶಿ ವಿನಿಮಯ ಸಂಗ್ರಹದಲ್ಲಿ ಚಿನ್ನದ ಪಾಲು ಏರುತ್ತಿದೆ ಎಂದು ಓದಿದೆ. ರಿಸರ್ವ್ ಬ್ಯಾಂಕೇ ಕೊಳ್ಳುತ್ತಿರುವಾಗ ನಾವೂ ಸಾಲ ಮಾಡಿಯಾದರೂ ಕೊಳ್ಳಬೇಕಲ್ಲವೇ?
– ಓದುಗರು, ಕುಂಬಳೆ

ಉತ್ತರ: ಪಾಲು ಏರಿದೆ ಎಂದಾಗ ಮೊದಲು ಟನ್ನಿನ ಲೆಕ್ಕ ನೋಡಿ. 2025ರ ಮಾರ್ಚಿನಿಂದ ಸೆಪ್ಟೆಂಬರಿನ ಒಳಗೆ ಆ ಪಾಲು ನೂರಕ್ಕೆ 11.7ರಿಂದ 13.9ಕ್ಕೆ ಏರಿತು. ತೂಕದಲ್ಲಿ ಹೆಚ್ಚಾದದ್ದು ಒಂದು ಟನ್ನಿಗಿಂತ ಕಡಿಮೆ. ಏರಿದ್ದು ಬೆಲೆ, ಖರೀದಿಯಲ್ಲ. ರಿಸರ್ವ್ ಬ್ಯಾಂಕು ಕೊಳ್ಳುವುದು ತನ್ನಲ್ಲಿರುವ ವಿದೇಶಿ ಹಣದಿಂದ; ಅದಕ್ಕೆ ತಿಂಗಳ ಕಂತಿಲ್ಲ, ಬಡ್ಡಿಯಿಲ್ಲ, ಬೆಲೆ ಇಳಿದರೆ ಹತ್ತು ವರ್ಷ ಕಾಯಬಲ್ಲದು. ನೀವು ಸಾಲದಲ್ಲಿ ಕೊಂಡ ಪವನಿಗೆ ಬಡ್ಡಿಯೂ ಸೇರುತ್ತದೆ, ಒಡವೆಯಾದರೆ ಮೇಲಿಂದ ಮಜೂರಿ ಮತ್ತು ಜಿಎಸ್‌ಟಿ. ಮಾರಲು ಹೋದಾಗ ಆ ಮಜೂರಿ ಯಾರೂ ಮರಳಿ ಕೊಡುವುದಿಲ್ಲ. ಕೈಯಲ್ಲಿ ಉಳಿತಾಯವಿದ್ದರೆ ಅದರಲ್ಲೊಂದು ಪಾಲನ್ನು ಚಿನ್ನಕ್ಕೆ ಹಾಕಿ. ಸಾಲ ಮಾಡಿ ಖಂಡಿತ ಬೇಡ.