ಕರಿನಾಯಿಯನ್ನು ಇಷ್ಟೊಂದು ಬೊಗಳಿಸಬೇಡಿ

ನಮಸ್ಕಾರ.

ಇಂಗ್ಲೆಂಡಿನ ಸಫೋಕ್ ಸೀಮೆಯ ದೆವ್ವದ ನಾಯಿ 'ಬ್ಲ್ಯಾಕ್ ಶಕ್' ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಎತ್ತಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಪುಟದಲ್ಲೇ 'ಭಯಾನಕ' ಆರು ಸಲ ಬಂದಿದೆ. ಕೆಂಡದಂಥ ಕಣ್ಣು, ಎದೆ ನಡುಗಿಸುವ ಊಳು, ನಡುರಾತ್ರಿ. ಇಂಥ ನಾಯಿ ಯಾವ ಊರಲ್ಲಾದರೂ ಸಿಗುತ್ತದೆ, ಅಲ್ವಾ? ಬಂಗೇ ಊರಿನ ಚರ್ಚಿಗೆ ಅದು ನುಗ್ಗಿತು ಅನ್ನುವುದು ನಡುರಾತ್ರಿಯಲ್ಲಲ್ಲ. 1577ರ ಆಗಸ್ಟ್ 4, ಭಾನುವಾರ, ಜನ ಪ್ರಾರ್ಥನೆಗೆ ಕೂತಿದ್ದಾಗ. ಹೊರಗೆ ಗುಡುಗು ಮಳೆ. ಇದು ನಿಮ್ಮ ರಾತ್ರಿಗಿಂತ ಜಾಸ್ತಿ ಹೆದರಿಸುತ್ತದೆ.

ಆ ಘಟನೆಯ ಬಗ್ಗೆ ಏಬ್ರಹಾಂ ಫ್ಲೆಮಿಂಗ್ ಬರೆದು ಲಂಡನ್ನಿನಲ್ಲಿ ಅಚ್ಚಾದ ಕಿರುಹೊತ್ತಿಗೆಯನ್ನು ನೀವು ಹೆಸರಿಸಿ ಮುಂದೆ ಹೋಗಿಬಿಟ್ಟಿರಿ. ಅದರಲ್ಲೇ ಇದೆ ಮಾಲು. ನಾಯಿ ತಾಗಿದ ಒಬ್ಬ ಮನುಷ್ಯ ಬೆಂಕಿಗೆ ಹಿಡಿದ ತೊಗಲಿನ ಹಾಗೆ, ದಾರ ಎಳೆದ ಚೀಲದ ಬಾಯಿಯ ಹಾಗೆ ಮುದುಡಿಹೋದನಂತೆ. ನಮ್ಮಜ್ಜಿಯ ಎಲೆಅಡಿಕೆ ಸಂಚಿ ಕಣ್ಣಿಗೆ ಬಂತು ನನಗೆ. ಇದರ ಮುಂದೆ 'ಭಯಾನಕ' ಯಾಕೆ ಬೇಕು?

ಒಂದು ತಪ್ಪೂ ಇದೆ. ಆ ಹೊತ್ತಿಗೆಯಲ್ಲಿ 'ಶಕ್' ಅನ್ನುವ ಹೆಸರಿಲ್ಲ, ಬರೀ ಕರಿನಾಯಿ. ಆ ಹೆಸರು ಅಚ್ಚಿನಲ್ಲಿ ಕಾಣಿಸಿದ್ದು 1850ರಲ್ಲಿ. ಇನ್ನು ಬಂಗೇ ಚರ್ಚಿನ ಲೆಕ್ಕದ ಪುಸ್ತಕದಲ್ಲಿ ಬಿರುಗಾಳಿ ಇದೆ, ಗಂಟೆಗೋಪುರದಲ್ಲಿ ಸತ್ತ ಇಬ್ಬರ ಮಾತಿದೆ. ನಾಯಿಯೇ ಇಲ್ಲ! ಲೆಕ್ಕ ಬರೆದವರು ಅದೇ ಊರಿನವರು, ನಾಯಿ ತಂದದ್ದು ಲಂಡನ್ನಿನ ಅಚ್ಚು. ನಿಮ್ಮ ಲೇಖನ ಇಲ್ಲಿ ನಿಲ್ಲಬೇಕಿತ್ತು. ನೀವು ಓಡಿದ್ದೀರಿ.

ಕಾಲಭೈರವನ ಪ್ಯಾರಾ ತೆಗೆಯಿರಿ. ಸುಮ್ನೆ ತಂದು ಸೇರಿಸಿದ್ದು ಗೊತ್ತಾಗುತ್ತದೆ.

ಅದೇ ದಿನ ನಾಯಿ ಬ್ಲೈತ್‌ಬರೊ ಚರ್ಚಿಗೂ ನುಗ್ಗಿತಂತೆ. ಅಲ್ಲಿನ ಉತ್ತರದ ಬಾಗಿಲಲ್ಲಿ ಇವತ್ತಿಗೂ ಸುಟ್ಟ ಕಪ್ಪು ಗುರುತುಗಳಿವೆ, ಜನ ಅದನ್ನು ಉಗುರಿನ ಗೀರು ಅನ್ನುತ್ತಾರೆ. ನೀವು ಒಂದೇ ಸಾಲು ಕೊಟ್ಟಿದ್ದೀರಿ. ಆ ಬಾಗಿಲಿನಿಂದಲೇ ಶುರು ಮಾಡಿ ನೋಡಿ.

'ಇದೆಲ್ಲ ಸಿಡಿಲು, ಉಳಿದದ್ದು ಮೂಢನಂಬಿಕೆ' ಅನ್ನುವ ನಿಮ್ಮ ಕೊನೆಯ ಮಾತನ್ನೂ ಹೊಡೆದುಹಾಕಿ. ಬಂಗೇಯವರು ಪೇಟೆಬೀದಿಯ ಕಂಬದ ತುದಿಯ ಗಾಳಿಸೂಚಕದಲ್ಲಿ ಒಂದು ಮಿಂಚನ್ನೂ ಅದರ ಮೇಲೆ ಓಡುವ ಕರಿನಾಯಿಯನ್ನೂ ಒಟ್ಟಿಗೇ ಕೂರಿಸಿದ್ದಾರೆ. ಅವರೇ ಎರಡನ್ನೂ ಇಟ್ಟುಕೊಂಡಿರುವಾಗ ನೀವು ಒಂದನ್ನು ಓಡಿಸುವುದು ಯಾಕೆ?

ತಿದ್ದಿ ಕಳಿಸಿ. ಎಂಟುನೂರು ಪದ ಸಾಕು.