ಅಂಟಿಸಿದ ಫೈಬರ್ ಹಾಳೆ ಅಲ್ಯೂಮಿನಿಯಂನಿಂದ ಬಿಟ್ಟುಕೊಳ್ಳುವುದೇಕೆ?

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಇದೆ. ಗೂಡ್ಸ್ ಆಟೋಗಳಿಗೆ ಅಲ್ಯೂಮಿನಿಯಂ ಸೆಕ್ಷನ್ನಿನ ಚೌಕಟ್ಟು ಕಟ್ಟಿ, ಫೈಬರ್‌ಗ್ಲಾಸ್ ಹಾಳೆಗಳನ್ನು ಎಪಾಕ್ಸಿಯಿಂದ ಅಂಟಿಸಿ ಕೊಡುತ್ತೇವೆ. ಬೇಸಿಗೆಯಲ್ಲಿ ಅಂಟಿಸಿದ್ದು ಮಳೆಗಾಲ ಮುಗಿಯುವಷ್ಟರಲ್ಲಿ ಮೂಲೆಯಿಂದ ಬಿಟ್ಟುಕೊಳ್ಳುತ್ತದೆ. ಕಿತ್ತು ನೋಡಿದರೆ ಅಂಟೆಲ್ಲ ಹಾಳೆಗೇ ಹತ್ತಿಕೊಂಡಿದ್ದು, ಅಲ್ಯೂಮಿನಿಯಂ ಹೊಳೆಯುತ್ತಿರುತ್ತದೆ. ಇದಕ್ಕಿಂತ ಬಲವಾದ ಅಂಟು ಯಾವುದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಕೊನೆಯಲ್ಲಿ ಬರೆದಿರುವ ವಿವರದಲ್ಲೇ ಕಾರಣವೂ ಇದೆ. ಅಂಟು ದುರ್ಬಲವಾಗಿದ್ದರೆ ಅದು ನಡುವೆಯೇ ಸೀಳಿ, ಎರಡೂ ಕಡೆ ಅಷ್ಟಷ್ಟು ಉಳಿಯುತ್ತಿತ್ತು. ಲೋಹ ಬರಿದಾಗಿ ಹೊಳೆಯುತ್ತಿದೆಯೆಂದರೆ ಅಲ್ಲಿ ಹಿಡಿತವೇ ಸರಿಯಾಗಿ ಕೂತಿರಲಿಲ್ಲ. ದುಬಾರಿ ಅಂಟು ತಂದರೂ ಫಲ ಇದೇ.

ಅಲ್ಯೂಮಿನಿಯಂ ಗಾಳಿಗೆ ತೆರೆದುಕೊಂಡೊಡನೆ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ, ಅಂಟು ಹಿಡಿಯಬೇಕಾದದ್ದು ಈ ಪೊರೆಯನ್ನೇ. ಅಂಚಿನಿಂದ ನುಸುಳಿದ ತೇವ ಇದನ್ನು ಸಡಿಲವಾದ ಹೈಡ್ರಾಕ್ಸೈಡ್ ಆಗಿ ಬದಲಿಸುವುದರಿಂದ, ಬೇಸಿಗೆಯಲ್ಲಿ ಗಟ್ಟಿಯಾಗಿ ಕಂಡ ಜೋಡಣೆ ಮಳೆಗಾಲದಲ್ಲಿ ಕೈಕೊಡುತ್ತದೆ. ಬೋಯಿಂಗ್ ಕಂಪನಿ 1970ರ ದಶಕದಲ್ಲಿ ಫಾಸ್ಫಾರಿಕ್ ಆಮ್ಲದಲ್ಲಿ ಆನೋಡೈಸ್ ಮಾಡಿ (ಎಂದರೆ ಲೋಹವನ್ನು ಅದರಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ), ತೇವಕ್ಕೆ ಸುಲಭವಾಗಿ ಜಗ್ಗದ, ಸೂಕ್ಷ್ಮ ರಂಧ್ರಗಳುಳ್ಳ ಪೊರೆಯನ್ನು ಬೆಳೆಸುವ ವಿಧಾನ ರೂಪಿಸಿದ್ದು ಇದೇ ಕಾರಣಕ್ಕೆ. ಅಂಗಡಿಯಲ್ಲಿ ಸಿಗುವ ಆನೋಡೈಸ್ಡ್ ಸೆಕ್ಷನ್ ಅಂಥದ್ದಲ್ಲ. ಅದರ ರಂಧ್ರಗಳನ್ನು ಮುಚ್ಚಿ ನುಣುಪಾಗಿಸಿರುತ್ತಾರೆ, ನೋಟಕ್ಕೆ ಚೆಂದವಾದರೂ ಅಂಟಿಗೆ ಒಗ್ಗದು.

ನಿಮ್ಮ ವರ್ಕ್‌ಶಾಪ್‌ನಲ್ಲಿ ಆಮ್ಲದ ತೊಟ್ಟಿ ಬೇಕಿಲ್ಲ. ಮೊದಲು ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒಂದೇ ದಿಕ್ಕಿಗೆ ಒರೆಸಿ, ಬಟ್ಟೆಗೆ ಕೊಳೆ ಹತ್ತುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತ ಹೋಗಿ (ಅಸಿಟೋನ್ ಬೇಗ ಹೊತ್ತಿಕೊಳ್ಳುವುದರಿಂದ ಆಗ ಪಕ್ಕದಲ್ಲಿ ವೆಲ್ಡಿಂಗ್ ನಡೆಯುತ್ತಿರಬಾರದು). ಉಜ್ಜುವುದು ಆಮೇಲೆ, ಕ್ರಮ ತಪ್ಪಿದರೆ ಜಿಡ್ಡು ಗೀರುಗಳೊಳಕ್ಕೆ ಇಳಿಯುತ್ತದೆ. ಎಮರಿ ಪೇಪರಿನಿಂದ ಹೊಳಪು ಪೂರ್ತಿ ಹೋಗುವಂತೆ ಉಜ್ಜಿ, ಪುಡಿ ಒರೆಸಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಸ್ವಲ್ಪ ಸುರಿದು ನೋಡಿ. ನೀರು ಮುರಿಯದೆ ಒಂದೇ ತೆಳು ಹಾಳೆಯಾಗಿ ನಿಂತರೆ ಮೈ ಶುದ್ಧವಾಗಿದೆ. ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ, ಮತ್ತೆ ಅಸಿಟೋನಿನಿಂದಲೇ ಶುರುಮಾಡಬೇಕು. ಪೂರ್ತಿ ಒಣಗಿಸಿದ ಬಳಿಕ ಬರಿಗೈ ತಾಗಿಸದೆ, ತಡಮಾಡದೆ ಅಂಟಿಸಿ. ಅಂಟಿಸುವ ಮೊದಲು ಲೋಹಕ್ಕೆ ಸೈಲೇನ್ ಪ್ರೈಮರ್ (ಲೋಹವನ್ನೂ ಅಂಟನ್ನೂ ಬೆಸೆಯುವ ತೆಳು ಲೇಪ) ಬಳಿದರೆ ತೇವವನ್ನು ತಡೆಯುವ ಶಕ್ತಿ ಬಹಳವೇ ಹೆಚ್ಚುತ್ತದೆ. ಖರ್ಚು ಮಾಡುವುದಿದ್ದರೆ ಅಂಟಿಗಿಂತ ಇದಕ್ಕೆ ಮಾಡಿ ಎಂಬುದು ನನ್ನ ಸಲಹೆ. ಹಾಳೆಯ ಕಡೆ, ಅಚ್ಚಿನಿಂದ ಸುಲಭವಾಗಿ ಬಿಡಿಸಲು ಹಚ್ಚಿದ್ದ ಮೇಣ ತೆಗೆದು, ಎಳೆಗಳು ಕತ್ತರಿಸದಂತೆ ಹಗುರಾಗಿ ಉಜ್ಜಿದರೆ ಸಾಕು.

ಬಿಸಿಲಿನ ಲೆಕ್ಕವೂ ಇದೆ. ಒಂದು ಮೀಟರ್ ಅಲ್ಯೂಮಿನಿಯಂ 40 ಡಿಗ್ರಿ ಹೆಚ್ಚು ಕಾದರೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ, ಹಾಳೆ ಅದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಹೀಗಾಗಿ ಉದ್ದದ ಅಂಚುಗಳಿಗೆ ಗಡುಸಾದ ಎಪಾಕ್ಸಿಗಿಂತ ಬಾಗುವ ಗುಣದ ಪಾಲಿಯುರೆಥೇನ್ ಅಂಟು ವಾಸಿ. ಅಂಟಿದ್ದ ಮೇಲೆ ರಿವೆಟ್ ಏಕೆ ಎನ್ನಬೇಡಿ. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ತಿರುಗುವ ಗಾಳಿಯಂತ್ರಗಳ, ಫೈಬರ್ ಭಾಗಗಳನ್ನು ಅಂಟಿಸಿ ಮಾಡಿದ ರೆಕ್ಕೆಗಳನ್ನೂ ಬುಡದಲ್ಲಿ ಉಕ್ಕಿನ ಬೋಲ್ಟುಗಳೇ ಹಿಡಿದಿರುತ್ತವೆ. ನಿಮ್ಮ ಹಾಳೆ ಮೂಲೆಯಿಂದಲೇ ಏಳುತ್ತಿರುವುದರಿಂದ ಪ್ರತಿ ಮೂಲೆಗೂ ಒಂದೊಂದು ಅಲ್ಯೂಮಿನಿಯಂ ರಿವೆಟ್ ಹೊಡೆಯಿರಿ.