ಬರೆದುಕೊಟ್ಟ ರಾಜೀನಾಮೆಗೆ ಸಹಿ ಬೇಡ

ಪ್ರಶ್ನೆ: ಮಂಗಳೂರಿನ ದಿನಪತ್ರಿಕೆಯೊಂದರಲ್ಲಿ 12 ವರ್ಷಗಳಿಂದ ಉಪಸಂಪಾದಕ. ವಯಸ್ಸು 38. ಸ್ಥಳೀಯ ಪುಟಗಳನ್ನು ಕಡಿಮೆ ಮಾಡಿದ ಮೇಲೆ ನಮ್ಮಲ್ಲಿ ಮೂವರನ್ನು ಕರೆದು, ‘ನೀವಾಗಿಯೇ ರಾಜೀನಾಮೆ ಕೊಟ್ಟರೆ ಒಳ್ಳೆಯ ಅನುಭವ ಪತ್ರ ಕೊಡುತ್ತೇವೆ’ ಎಂದರು. ಟೈಪ್ ಮಾಡಿದ ಪತ್ರವನ್ನೂ ಕೈಗಿತ್ತಿದ್ದಾರೆ. ಸುರತ್ಕಲ್‌ನ ಮನೆಯ ಸಾಲ ತೀರಿಲ್ಲ. ಆಸ್ಪತ್ರೆಯೊಂದರ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಸ್ನೇಹಿತರು ಕರೆಯುತ್ತಿದ್ದಾರೆ. ಹೋದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ. ಶಿಕ್ಷಕಿಯಾಗಿರುವ ಹೆಂಡತಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ಆ ಪತ್ರಕ್ಕೆ ಸಹಿ ಹಾಕಬೇಡಿ. ಉಳಿದದ್ದೆಲ್ಲ ಆಮೇಲೆ.

ಸಂಸ್ಥೆಯೇ ಹುದ್ದೆ ಕಡಿತ ಮಾಡಿ ಕಾಯಂ ಪತ್ರಕರ್ತನನ್ನು ತೆಗೆಯುವುದಾದರೆ ನೋಟಿಸ್ ಕೊಡಬೇಕು, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳದ ಲೆಕ್ಕದಲ್ಲಿ ಪರಿಹಾರವನ್ನೂ ಕೊಡಬೇಕು. ‘ನಾನಾಗಿಯೇ ಬಿಟ್ಟೆ’ ಎಂದು ಬರೆದುಕೊಟ್ಟರೆ ಆ ಹಕ್ಕು ಕೈತಪ್ಪುತ್ತದೆ. ಪತ್ರವನ್ನು ಅವರೇ ಟೈಪ್ ಮಾಡಿ ತಂದದ್ದು ಅದಕ್ಕಾಗಿಯೇ. ಸೇವೆಯ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಸಿಗುವ ಗ್ರ್ಯಾಚುಟಿ ಬೇರೆ, ರಾಜೀನಾಮೆ ಕೊಟ್ಟರೂ ಅದು ನಿಮ್ಮದೇ. ಕೊನೆಯ ತಿಂಗಳ ಮೂಲವೇತನ, ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿ, 15ರಿಂದಲೂ 12ರಿಂದಲೂ ಗುಣಿಸಿದರೆ 1,80,000 ರೂಪಾಯಿ. ಭವಿಷ್ಯ ನಿಧಿಗೆ ಕೈಹಾಕಬೇಡಿ. ಪಿಂಚಣಿಗೆ ಬೇಕಾದ 10 ವರ್ಷ ನಿಮಗೆ ತುಂಬಿದೆ. ಖಾತೆಯನ್ನು ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳಿ. ನಿಮ್ಮದು ಕಾಯಂ ನೇಮಕವೋ ಗುತ್ತಿಗೆಯೋ ಎಂದು ಬರೆದಿಲ್ಲ. ನೇಮಕ ಪತ್ರ, ಸಂಬಳದ ಚೀಟಿಗಳನ್ನು ಹಿಡಿದು, ಕಾರ್ಮಿಕ ಪ್ರಕರಣ ನಡೆಸುವ ವಕೀಲರೊಬ್ಬರನ್ನು ಈ ವಾರವೇ ಕಾಣಿರಿ. ಮೂವರೂ ಒಟ್ಟಿಗೆ ಹೋಗಿ.

ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದು ನಾನು ಸಹಿ ಹಾಕಿದವಳಾದ್ದರಿಂದ. ನಿಂತುಕೊಂಡೇ, ಅವರು ಕೊಟ್ಟ ಪೆನ್ನಿನಿಂದಲೇ ಹಾಕಿದ್ದೆ. ಮನೆಗೆ ಬಂದು ಸ್ಕೂಟರಿನ ಮುಂದೆ ಅಂಟಿಸಿದ್ದ ‘ಪ್ರೆಸ್’ ಚೀಟಿಗೆ ತೆಂಗಿನೆಣ್ಣೆ ಹಚ್ಚಿ ಉಗುರಿನಿಂದ ಕೆರೆದೆ. ಅಂಟು ಪೂರ್ತಿ ಹೋಯಿತು. ಚೀಟಿ ಇದ್ದಷ್ಟು ಜಾಗದಲ್ಲಿ ಮಾತ್ರ ಬಿಸಿಲು ಕಾಣದ ಬಣ್ಣ ಹೊಸದಾಗಿಯೇ ಉಳಿದಿತ್ತು. ಹಂಪನಕಟ್ಟೆಯ ಸಿಗ್ನಲಿನಲ್ಲಿ ನಿಂತಾಗಲೆಲ್ಲ ಆ ಚೌಕವೇ ಕಣ್ಣಿಗೆ ಬೀಳುತ್ತಿತ್ತು. ರಾತ್ರಿ ಪುಟ ಮುಗಿಸುವ ಹೊತ್ತಿಗೆ ತಿಂಗಳುಗಟ್ಟಲೆ ಎಚ್ಚರವಾಗುತ್ತಿತ್ತು. ನಿಮಗೂ ಆಗುತ್ತದೆ, ಹೆದರಬೇಡಿ.

ಆಸ್ಪತ್ರೆಯ ಕೆಲಸ ಒಪ್ಪಿಕೊಳ್ಳಿ ಎಂದೇ ನನ್ನ ಸಲಹೆ. ಮರಣವಾರ್ತೆಯಲ್ಲಿ ಮನೆತನದ ಹೆಸರು ತಪ್ಪಬಾರದೆಂದು ಎರಡೆರಡು ಬಾರಿ ಫೋನ್ ಮಾಡಿ ಕೇಳಿದವರು ನೀವು. ಬೆಳ್ತಂಗಡಿಯಿಂದ ಬಸ್ಸು ಹತ್ತಿ ಬಂದ ತಾಯಿಯೊಬ್ಬರು ಮಗನ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರವನ್ನು ಓದಿ ಅರ್ಥಮಾಡಿಕೊಳ್ಳುವಂಥ ಕನ್ನಡದಲ್ಲಿ ಬರೆಯಲು ಅಂಥವರೇ ಬೇಕು. ಸೇರುವಾಗಲೇ ಈ ಕೆಲಸವನ್ನು ಕೇಳಿ ಪಡೆಯಿರಿ. ಬರೀ ಹೊಗಳಿಕೆಯ ಪ್ರಕಟಣೆ ಬರೆಯುವುದಕ್ಕೆ ಒಪ್ಪಬೇಡಿ.

ಒಂದು ಮಾತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಈ ಊರಿನಿಂದಲೇ ಹೊರಡಿಸಿದರು. ವರ್ಷ ತುಂಬುವ ಮೊದಲೇ ಅದು ಹೆಸರು ಬದಲಿಸಿಕೊಂಡು ಬಳ್ಳಾರಿಗೆ ಹೋಯಿತು. ಪತ್ರಿಕೆಗಳ ಏಳುಬೀಳು ಆಗಿನಿಂದಲೂ ಇದ್ದದ್ದೇ. ಸ್ಥಳೀಯ ಪುಟಗಳು ಕಡಿಮೆಯಾದದ್ದು ನಿಮ್ಮ ತಪ್ಪಿನಿಂದಲ್ಲ. ಹೆಂಡತಿಗೂ ಹೇಳದೆ ಇರುವುದರಲ್ಲಿ ಆ ಅಪರಾಧಿ ಭಾವ ಕಾಣುತ್ತಿದೆ, ಅದಕ್ಕೇ ಹೇಳಿದೆ.

ಹೆಂಡತಿಗೆ ಹೇಳದಿರುವುದು ಮಾತ್ರ ಸರಿಯಲ್ಲ. ಸಾಲದ ಕಂತು ಇಬ್ಬರದೂ. ಇವತ್ತು ಪಾಳಿ ಮುಗಿಸಿ ಹೋದಾಗ ಅವರು ಎಚ್ಚರವಿದ್ದರೆ ಆಗಲೇ ಹೇಳಿ. ನಿದ್ದೆ ಹೋಗಿದ್ದರೆ ಬೆಳಿಗ್ಗೆ ನೀವೂ ಬೇಗ ಎದ್ದು, ಅವರು ಶಾಲೆಗೆ ಹೊರಡುವ ಮೊದಲು ಆ ಪತ್ರವನ್ನು ಅವರ ಕೈಗೆ ಕೊಡಿ.